ವಿಶ್ರಾಂತಿಯನ್ನು ಅರಸುವ ದಣಿವು

ದಣಿದವನು ವಿಶ್ರಾಂತಿಯನ್ನು ಬಯಸುವುದು ದೇಹಧರ್ಮ. ಆದರೆ ವಿಶ್ರಾಂತಿಗಾಗಿಯೇ ಮನುಷ್ಯನು ಮೈ ಸೋತು ಬೀಳುವಷ್ಟು ದಣಿಯುವುದಾದರೆ ಆ ವಿಶ್ರಾಂತಿಯ ಬೆಲೆಯೇನು? ಆ ಬೆಲೆಯನ್ನು ತೆರುವವರು ಯಾರು? ಗೃಹಸ್ಥರಾದ ಸದ್ಭಕ್ತರು ವಿಚಾರಿಸತಕ್ಕ ಪ್ರಶ್ನೆಯಿದು.

ತುಮಕೂರು ಸೀಮೆಗೆ ಕಡಲಿಲ್ಲ. ಕುಣಿಗಲಿನವರಿಗೆ ತಮ್ಮ ದೊಡ್ಡಕೆರೆಯೇ ಕಡಲು. ಹೀಗಿರಲು, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮುಂಬಯಿಯಿಂದ ಗೋವೆಗೋ ಲಕ್ಷದ್ವೀಪಕ್ಕೋ ಸಾಗುವ ವಿಹಾರದ ಹಡಗನ್ನು ಏರಬೇಕೆಂಬ ಆಸೆ ಮೂಡುವುದು ಅಸಹಜವಲ್ಲ. ಹಡಗಿನ ಮೇಲೆ ಕೆಲವು ದಿನಗಳ ಸುಖವುಂಟು. ಆದರೆ ಹಡಗಿನವರೆಗಿನ ದಾರಿಯೋ ದೀರ್ಘವಾದುದು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು. ಅಲ್ಲಿಂದ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆಗಳನ್ನು ದಾಟಿ ಮುಂಬಯಿಗೆ ಸುಮಾರು 900 ಕಿಲೋಮೀಟರು. ಹೊತ್ತು ಮೀರಿ ಬಂದವರಿಗಾಗಿ ಹಡಗು ಕಾಯುವುದಿಲ್ಲ.

ಅಂತಹ ದಾರಿಯಲ್ಲಿ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ರಾತ್ರಿಯೆಲ್ಲ ಕಾರು ಓಡಿದೆ. ಎಪ್ಪತ್ತರ ತಾಯಿ ಎರಡನೆಯ ಸಲ ಗಾಡಿ ನಿಲ್ಲಿಸೆಂದು ಕೇಳುತ್ತಾಳೆ. ಮಗನು ಗಡಿಯಾರವನ್ನು ನೋಡಿ, “ಸ್ವಲ್ಪ ತಡಕೊಳ್ಳಮ್ಮ, ಹಡಗು ತಪ್ಪಿಹೋಗುತ್ತೆ” ಎನ್ನುತ್ತಾನೆ. ಆಕೆ ಮತ್ತೆ ಕೇಳುವುದಿಲ್ಲ. ಅಂದಿನಿಂದ ಮುಂಬಯಿ ಸೇರುವವರೆಗೆ ನೀರನ್ನೂ ಕುಡಿಯುವುದಿಲ್ಲ. ಯಾರ ಸಂತೋಷಕ್ಕಾಗಿ ಹೊರಟರೋ ಅವಳೇ ದಾರಿಗೆ ಅಡ್ಡಿಯಾದಳು! ಮಗನು ದುಷ್ಟನಲ್ಲ. ಸುಖವೆಲ್ಲವೂ ಮುಂದಿದೆಯೆಂದು ನಂಬಿದವನಿಗೆ ಪಕ್ಕದಲ್ಲಿ ಕುಳಿತವರು ಕಾಣದೆ ಹೋಗುವುದೇ ಇದರ ಮರ್ಮ.

ಯಾತ್ರಿಕರೂ ದಣಿಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ದಣಿಯುತ್ತಾರೆ. ತೋಂಟದ ಸಿದ್ಧಲಿಂಗ ಯತಿಗಳು ವಿರಕ್ತರ ಸಮೂಹದೊಡನೆ ನಾಡೆಲ್ಲ ಸಂಚರಿಸಿದರೆಂದು ಪರಂಪರೆ ಹೇಳುತ್ತದೆ. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಗೈದು, ಎಡೆಯೂರಿನಲ್ಲಿ ಅವರು ಐಕ್ಯರಾದರು. ಆ ಸಂಚಾರದಲ್ಲಿ ದಾರಿಯು ಕಳೆಯಬೇಕಾದ ಕಾಲವಾಗಿರಲಿಲ್ಲ; ಎದುರಾದವರಿಗೆ ಅರಿವನ್ನು ಹಂಚುವ ಕ್ಷೇತ್ರವಾಗಿತ್ತು. ನಮ್ಮ ಹಿರಿಯರು ದಾರಿಯ ಬದಿಯಲ್ಲಿ ಅರವಟ್ಟಿಗೆಯನ್ನಿಟ್ಟರು, ಗುಂಡುತೋಪು ಬೆಳೆಸಿದರು, ಛತ್ರ ಕಟ್ಟಿಸಿದರು. ದಾರಿಹೋಕನ ದಣಿವು ಅವರಿಗೆ ದಾಸೋಹದ ಅವಕಾಶವಾಗಿ ಕಂಡಿತು. ಅಪರಿಚಿತನ ಬಾಯಾರಿಕೆಗೆ ಮಡಕೆಯಿಟ್ಟವರ ಮಕ್ಕಳು ಸ್ವಂತ ತಾಯಿಯ ಬಾಯಾರಿಕೆಯನ್ನು ಮರೆಯುವುದುಂಟೆ?

ಹಾಗೆಂದು ಮನೆಯಲ್ಲಿಯೇ ಕುಳಿತಿರಬೇಕೆಂಬುದು ನಿಲುವಲ್ಲ. ಜೀವಮಾನವೆಲ್ಲ ತೆಂಗಿನ ತೋಟದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಬೆವರು ಸುರಿಸಿದವರಿಗೆ ಕಡಲನ್ನು ಕಾಣುವ ಹಂಬಲವಿದ್ದರೆ ಅದು ದೋಷವಲ್ಲ. ಕಾಯಕವನ್ನು ಪೂಜ್ಯವೆಂದ ಧರ್ಮವು ಕಾಯವನ್ನು ಹಿಂಸಿಸೆಂದು ಹೇಳಲಿಲ್ಲ. ಸತ್ಯಶುದ್ಧವಾಗಿ ಗಳಿಸಿದುದರಲ್ಲಿ ದಾಸೋಹದ ಪಾಲನ್ನು ತೆಗೆದಿಟ್ಟು, ಉಳಿದುದರಲ್ಲಿ ಮನೆಯವರ ಸಂತೋಷಕ್ಕೆ ವ್ಯಯಿಸಿದರೆ ತಪ್ಪೇನು? ದೂರವಾಗಲಿ ಹಡಗಾಗಲಿ ಇಲ್ಲಿ ದೋಷಿಯಲ್ಲ. ಮುಂದಿನ ಸುಖಕ್ಕಾಗಿ ಇಂದಿನ ಸಹಪ್ರಯಾಣಿಕನನ್ನು ಸಾಮಾನಿನಂತೆ ಹೊತ್ತೊಯ್ಯುವ ಬುದ್ಧಿಯೇ ದೋಷ.

ಆದುದರಿಂದ ಹೊರಡುವವರು ಒಂದು ದಿನ ಮುಂಚಿತವಾಗಿಯೇ ಹೊರಡಲಿ. ನಡುದಾರಿಯ ಯಾವುದಾದರೊಂದು ಊರಿನಲ್ಲಿ ಇರುಳು ತಂಗಿ, ಸ್ನಾನ ಪೂಜೆಗಳನ್ನು ಪೂರೈಸಿ, ನೆಮ್ಮದಿಯಿಂದ ಮುಂದೆ ಸಾಗಲಿ. ಗಾಡಿ ನಡೆಸುವವನಿಗೂ ನಿದ್ರೆಯುಂಟು, ಹಸಿವುಂಟು ಎಂಬುದನ್ನು ನೆನೆಯಲಿ. ಹಡಗನ್ನೇರಿದ ಮೇಲೆ ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು ತಮ್ಮ ವಿಶ್ರಾಂತಿಗಾಗಿ ದಣಿಯುತ್ತಿದ್ದಾರೆಂಬುದನ್ನು ಅರಿತು ಅವರೊಡನೆ ಮೃದುವಾಗಿ ಮಾತನಾಡಲಿ. ಒಂದು ದಿನವನ್ನು ಹೆಚ್ಚಾಗಿ ಕೊಡಲು ಸಾಧ್ಯವಿಲ್ಲದಿದ್ದರೆ ಪ್ರಯಾಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಲೇಸು. ಕಡಲು ಎಲ್ಲಿಗೂ ಹೋಗುವುದಿಲ್ಲ. ಹೆತ್ತವರ ಮನಸ್ಸು ಒಮ್ಮೆ ನೊಂದರೆ ಆ ನೋವನ್ನು ಯಾವ ವಿಹಾರವೂ ತೊಳೆಯಲಾರದು.