ಕತ್ತರಿ ತಾಗಿದ ಕಚ್ಚೆ

ಹಂಪಿಯ ಅಂಗಡಿಗಳ ಮುಂದೆ, ಗೋಕರ್ಣದಲ್ಲಿ ಕಡಲಿಗಿಳಿಯುವ ದಾರಿಯಲ್ಲಿ ಆನೆ ಚಿತ್ತಾರದ ಸಡಿಲ ಪ್ಯಾಂಟುಗಳು ಸಾಲಾಗಿ ತೂಗುತ್ತಿರುತ್ತವೆ. ಸೊಂಟಕ್ಕೆ ಎಲಾಸ್ಟಿಕ್, ಕಾಲಗಂಟಿನ ಬಳಿ ಬಿಗಿ, ನಡುವೆಯೆಲ್ಲ ಗಾಳಿ. ಥಾಯ್ಲೆಂಡಿನ ಪ್ರವಾಸಿ ಬೀದಿಗಳಲ್ಲಿ ಹೆಸರಾದ ಉಡುಪು ಅದು. ಹೆಚ್ಚಿನವು ರೇಯಾನ್, ಯಂತ್ರದ ಅಚ್ಚು. ಹೊರನಾಡಿನಿಂದ ಬಂದದ್ದೆಂದು ಅದನ್ನು ದೂರವಿಡಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ಅದರ ಹಿಂದೆ ಹಳೆಯ ಕೊಡುಕೊಳೆಯೊಂದಿದೆ.

17, 18ನೆಯ ಶತಮಾನಗಳಲ್ಲಿ ಕೋರಮಂಡಲ ತೀರದ ಕುಶಲಕರ್ಮಿಗಳು ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಅರಮನೆಗಾಗಿ ಅಲ್ಲಿಯವರ ಅಭಿರುಚಿಗೆ ಒಪ್ಪುವ ನಮೂನೆಗಳಲ್ಲಿ ಹತ್ತಿಬಟ್ಟೆಗೆ ಬಣ್ಣ ಬರೆದು, ಅಚ್ಚೊತ್ತಿ ಹಡಗಿಗೇರಿಸುತ್ತಿದ್ದರು. ಸಯಾಮಿನ ಅಂದಿನ ರಾಜಧಾನಿ ಅಯುತ್ಥಯ ಮುಟ್ಟಿದ ಆ ಬಟ್ಟೆಯನ್ನು ಉಡುವಾಗ ಸೊಂಟಕ್ಕೆ ಸುತ್ತಿ, ಮುಂದಿನ ಅಂಚುಗಳನ್ನು ಸೇರಿಸಿ ಸುರುಳಿ ಮಾಡಿ, ಕಾಲುಗಳ ನಡುವಿನಿಂದ ಹಿಂದಕ್ಕೆ ತಂದು ಸಿಕ್ಕಿಸುತ್ತಿದ್ದರು. ಹೀಗೆ ಉಡುವುದನ್ನು ಅಲ್ಲಿ ಚೋಂಗ್ ಕ್ರಬೆನ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಕಚ್ಚೆಯೇ. ಪೂಜೆಗೆ ಕೂತ ಪುರೋಹಿತರ ಕಚ್ಚೆಪಂಚೆ, ಉತ್ತರ ಕರ್ನಾಟಕದ ಹೊಲದಲ್ಲಿ ಬಗ್ಗಿ ಕಳೆ ಕೀಳುವ ಅಜ್ಜಿಯರ ಕಚ್ಚೆಸೀರೆ, ಇವೆಲ್ಲ ಒಂದೇ ಬಳಗ. ಬಟ್ಟೆ ತುಂಡಾಗದೆ ಉಳಿಯುತ್ತದೆ, ಕಾಲಿಗೆ ಓಡಾಟ ಸಿಗುತ್ತದೆ. ಬಿಚ್ಚಿ ಒಗೆದು ಹರಡಿದರೆ ಅದು ಮತ್ತೆ ನೇಯ್ದವನ ಮಗ್ಗದಿಂದ ಬಂದಷ್ಟೇ ಉದ್ದದ ಬಟ್ಟೆ.

ಹೊಲಿದ ಇಜಾರವೂ ನಮ್ಮಲ್ಲಿ ಹಳೆಯದು. ಯಕ್ಷಗಾನದ ವೇಷಧಾರಿ ಇಜಾರು ತೊಟ್ಟು ಅದರ ಮೇಲೆ ಕಸೆ ಸೀರೆ ಉಡುತ್ತಾನೆ. ಲಾಡಿ ಕಟ್ಟುವ ಪೈಜಾಮ, ಸಲ್ವಾರು, ಈಗಿನ ಪಲಾಝೊ ಎಲ್ಲವೂ ಕತ್ತರಿಯ ಕೈಗೆ ಸಿಕ್ಕಿದ್ದರೂ ಮೈಗೆ ಅಂಟಿಕೊಳ್ಳದ ಹಟವನ್ನು ಬಿಟ್ಟಿಲ್ಲ. ಅಚ್ಚಿನ ಬಟ್ಟೆಗೆ ಬೇಕಾದದ್ದು ಈ ಹಟವೇ.

ಜೈಪುರದ ಹತ್ತಿರದ ಬಗರೂ ಊರಿನ ಕೆಲಸವನ್ನೇ ತೆಗೆದುಕೊಳ್ಳಿ. ಅಲ್ಲಿ ಅಚ್ಚೊತ್ತುವ ಛೀಪಾ ಸಮುದಾಯದ ಕುಟುಂಬಗಳು ಬಿಳಿಯ ಹತ್ತಿಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತವೆ. ಬಟ್ಟೆ ಮಾಸಲು ಹಳದಿಯಾಗುತ್ತದೆ. ಹಳೆಯ ಕುದುರೆ ಲಾಳದಂಥ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಯಿಸಿರುತ್ತಾರೆ. ಆ ದ್ರವದಲ್ಲಿ ಅದ್ದಿದ ಮರದ ಅಚ್ಚು ಹಳದಿಯ ಮೇಲೆ ಬಿದ್ದ ಕಡೆ ಕಪ್ಪು ಮೂಡುತ್ತದೆ. ಪಟಿಕದ ಅಚ್ಚು ಬಿದ್ದಲ್ಲಿ, ಬಣ್ಣದ ಹಂಡೆಯಲ್ಲಿ ಕುದಿಸಿದ ಮೇಲೆ, ಕೆಂಪು. ಇನ್ನು ದಾಬು ಎಂಬ ಕೆಸರಚ್ಚು: ಮಣ್ಣು, ಸುಣ್ಣ, ಅಂಟು, ಹುಳು ತಿಂದ ಗೋಧಿಯ ಹುಡಿ ಕಲಸಿ ಒತ್ತಿ, ಮರದ ಹೊಟ್ಟು ಉದುರಿಸಿ, ಬಿಸಿಲಿಗೆ ಒಣಗಿಸಿ, ನೀಲಿಯ ತೊಟ್ಟಿಗೆ ಇಳಿಸುತ್ತಾರೆ. ಕೆಸರು ಹಿಡಿದ ಜಾಗಕ್ಕೆ ನೀಲಿ ಹತ್ತುವುದಿಲ್ಲ. ಒಣಗಿದ ಮಣ್ಣು ಬಿರಿದಲ್ಲಿ ಮಾತ್ರ ನೀಲಿ ಸಣ್ಣ ನರದಂತೆ ಒಳಗೆ ನುಸುಳುತ್ತದೆ. ನೀರು, ಬಿಸಿಲು, ಮಣ್ಣು ಮೂರೂ ಸೇರಿ ಮಾಡಿದ ಬಟ್ಟೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇಂಥ ಬಟ್ಟೆ ಸುತ್ತಲಿನ ಹಳ್ಳಿಯ ಹೆಂಗಸರ ನೆರಿಗೆ ತುಂಬಿದ ಘಾಗ್ರಾಗಳಿಗೆ ಹೋಗುತ್ತಿತ್ತು. ಯಾವ ಸಮುದಾಯದವರಿಗೆ ಯಾವ ಹೂವು ಎಂಬ ಕಟ್ಟಳೆಯೂ ಇತ್ತು. ಆ ಹೂವು ಅಗಲದಲ್ಲಿ ಹುಟ್ಟಿದ್ದು. ಬಿಗಿ ಪ್ಯಾಂಟಿನಲ್ಲಿ ಅದು ಉಸಿರುಗಟ್ಟುತ್ತದೆ. ಸಡಿಲ ಇಜಾರದಲ್ಲಿ ನಿಂತಾಗ ಮಡಿಕೆಯೊಳಗೆ ಅಡಗಿ, ಹೆಜ್ಜೆ ಇಟ್ಟಾಗ ಹೊರಗೆ ಬರುತ್ತದೆ. ಘಾಗ್ರಾ ಉಡುವವರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಬಸ್ಸು ಹತ್ತುವ, ಕಚೇರಿಗೆ ಹೋಗುವ, ಬೆಳಗ್ಗೆ ಪಾರ್ಕಿನಲ್ಲಿ ನಡೆಯುವ ಹೆಂಗಸರು ಈ ಅಚ್ಚಿಗೆ ಹೊಸ ಅಗಲ ಕೊಟ್ಟಿದ್ದಾರೆ. ಇದು ಸಣ್ಣ ಸಂಗತಿಯಲ್ಲ.

ಇಂಥ ಕೈಕೆಲಸಗಳ ಮಾತು ಬಂದಾಗ ನೆನಪಾಗುವವರು ಮಂಗಳೂರಿನಲ್ಲಿ ಹುಟ್ಟಿ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಕಮಲಾದೇವಿ ಚಟ್ಟೋಪಾಧ್ಯಾಯರು. ಕಾಳಹಸ್ತಿಯ ಕಲಂಕಾರಿ, ಅಂದರೆ ಬಟ್ಟೆಯ ಮೇಲೆ ಲೇಖನಿಯಿಂದ ಬರೆಯುವ ಕಲೆ, ಮತ್ತೆ ಚೇತರಿಸಿಕೊಂಡದ್ದರಲ್ಲಿ ಅವರ ಪಾಲು ದೊಡ್ಡದು. ಕಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನಮೂನೆ ಉಳಿದೀತು, ಕೈಗೆ ಕೆಲಸ ಉಳಿಯುವುದು ಬಟ್ಟೆ ಮೈಮೇಲೆ ಸವೆದಾಗ. ನನಗೆ ಈ ಇಜಾರಗಳ ಮೇಲೆ ಇರುವ ಪ್ರೀತಿಗೆ ಇದೂ ಒಂದು ಕಾರಣ.

ನಕಲಿನ ವಿಷಯ ಮಾತ್ರ ಕಸಿವಿಸಿ ಮಾಡುತ್ತದೆ. ಕೈಯಚ್ಚಿನಲ್ಲಿ ಒಂದು ಒತ್ತು ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಏರುತ್ತದೆ, ಇನ್ನೊಂದು ಅಷ್ಟೇ ದೂರ ನಿಲ್ಲುತ್ತದೆ. ಯಂತ್ರ ಈ ಏರುಪೇರನ್ನೂ ನಕಲು ಮಾಡುತ್ತದೆ. ಆದರೆ ಅದರಲ್ಲಿ ಅದೇ ಏರುಪೇರು ಅದೇ ಅಳತೆಗೆ ಮತ್ತೆ ಮತ್ತೆ ಬರುತ್ತದೆ. ಯಂತ್ರದ ಬಟ್ಟೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಎಲ್ಲರ ಕೈಗೆ ಎಟಕುವ ಬೆಲೆ ಅದರದು. ಅದು ಬಗರೂವಿನ, ಅದರಂತೆಯೇ ಅಚ್ಚಿಗೆ ಹೆಸರಾದ ಸಾಂಗಾನೇರಿನ ಹೆಸರು ಹೊತ್ತು ಕೈಯಚ್ಚಿನ ಬೆಲೆಗೆ ಮಾರಾಟವಾಗುವುದು ಅನ್ಯಾಯ. ಮುಂದಿನ ಸಲ ಕೊಳ್ಳುವಾಗ ಒಂದೂವರೆ ಮೊಳ ಬಟ್ಟೆಯನ್ನು ಬಿಡಿಸಿ ಹೂವುಗಳ ಕೂಡುಜಾಗ ನೋಡಿ, ತಿರುಗಿಸಿ ಹಿಂಬದಿ ನೋಡಿ, ಎಲ್ಲಿ ಅಚ್ಚೊತ್ತಿದ್ದು ಎಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ.