ಬೇಕಾದ ನಂಬರ್

ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತು ಬೆಳೆದವರಿಗೆ ಬಿಯರ್ ಮಾಡುವವರ ಹೈಡ್ರೋಮೀಟರ್ ಹೊಸದೇನಲ್ಲ. ನಮ್ಮ ಲ್ಯಾಕ್ಟೋಮೀಟರಿನ ಅಣ್ಣತಮ್ಮ ಅದು. ಹಾಲಿಗೆ ನೀರು ಬಿದ್ದರೆ ಗಾಜಿನ ಕೊಳವೆ ಆಳಕ್ಕಿಳಿಯುತ್ತೆ; ಮಾಲ್ಟ್ ರಸದ ಸಕ್ಕರೆಯನ್ನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿದಂತೆಲ್ಲ ಇಲ್ಲೂ ಇಳಿಯುತ್ತೆ. ಆದರೆ ಡೈರಿಯಲ್ಲಿ ಹಾಲು ತಂದವನು ಬೇರೆ, ಅಳೆಯುವವನು ಬೇರೆ. ಮನೆಯಲ್ಲಿ ಬಿಯರ್ ಮಾಡುವವನಿಗೆ ಎರಡೂ ಕೆಲಸ ತನ್ನದೇ.

ಅಮೆರಿಕದಲ್ಲಿ 1978ರಲ್ಲಿ ಫೆಡರಲ್ ಕಾನೂನು ಬದಲಾದ ಮೇಲೆ ಇದು ದೊಡ್ಡ ಹವ್ಯಾಸ. ಅಲ್ಲಿರುವ ನನ್ನ ಗೆಳೆಯನೊಬ್ಬ, ನಮ್ಮ ಕಡೆಯವನೇ, ಗ್ಯಾರೇಜಿನಲ್ಲಿ ಬಿಯರ್ ಮಾಡ್ತಾನೆ. ಶುರುವಿನಲ್ಲಿ 1.050 ಇದ್ದದ್ದು ಕೊನೆಗೆ 1.010ಕ್ಕೆ ಬಂದರೆ ಸುಮಾರು ಶೇ. 5ರ ಬಿಯರ್. ಎರಡು ಮೂರು ದಿನದ ಅಂತರದಲ್ಲಿ ಅಳೆದರೂ ಅದೇ ನಂಬರ್ ಬರಬೇಕು, ಆಮೇಲೆ ಬಾಟಲಿಗೆ. ಸಕ್ಕರೆ ಉಳಿದಿರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಗ್ಯಾಸ್ ಸೇರಿ ಬಾಟಲಿ ಸಿಡಿಯಬಹುದು. ಗಾಜು ಯಾರ ಮುಖಕ್ಕೆ ಅಂತ ನೋಡಿಕೊಂಡು ಸಿಡಿಯಲ್ಲ.

ಅಳತೆ ತಪ್ಪಲು ನೂರು ದಾರಿ. ರಸ ಬಿಸಿಯಿದ್ದರೆ ಕಡಿಮೆ ತೋರಿಸುತ್ತೆ. ಗುಳ್ಳೆಗಳು ಅಂಟಿಕೊಂಡರೆ ಕೊಳವೆ ಮೇಲೆದ್ದು ಜಾಸ್ತಿ ತೋರಿಸುತ್ತೆ. ಅದಕ್ಕೇ ಒಮ್ಮೆ ತಿರುಗಿಸಿ ಬಿಡಬೇಕು. ಗಾಜಿನ ಸುತ್ತ ಏರಿದ ಅಂಚನ್ನಲ್ಲ, ನೀರಿನ ಸಮಮಟ್ಟವನ್ನ ಓದಬೇಕು.

ಈಗ ನೋಡಿ. 1.010 ಬರಬೇಕಿತ್ತು, 1.018 ಬಂತು. ತಿರುಗಿಸ್ತೀವಿ, ಗುಳ್ಳೆ ಕೊಡವ್ತೀವಿ, ಕಣ್ಣು ಇನ್ನಷ್ಟು ತಗ್ಗಿಸಿ ಮತ್ತೆ ಓದ್ತೀವಿ. ಮೊದಲ ಸಲವೇ 1.010 ಬಂದಿದ್ದರೆ? ಬರೆದುಕೊಂಡು ಬಾಟಲಿ ತೊಳೆಯೋಕೆ ಹೋಗ್ತೀವಿ. ರಸ ಬಿಸಿ ಇತ್ತಾ ಅಂತ ಯಾರೂ ಕೇಳಲ್ಲ.

ನಮ್ಮ ಆಫೀಸುಗಳಲ್ಲೂ ಇದೇ ಕಥೆ ತಾನೇ? ಟೆಸ್ಟ್ ಕೆಂಪಾದರೆ ರೀ-ರನ್. ಹಸಿರಾದದ್ದನ್ನ ರೀ-ರನ್ ಮಾಡಿದವರನ್ನ ನಾನಂತೂ ಕಂಡಿಲ್ಲ. ಭೌತವಿಜ್ಞಾನಿಗಳೂ ಹೊರತಲ್ಲ: ಎಲೆಕ್ಟ್ರಾನಿನ ಆವೇಶವನ್ನ ಮಿಲಿಕನ್ ಸ್ವಲ್ಪ ಕಡಿಮೆ ಅಳೆದಿದ್ದ, ಆಮೇಲಿನವರು ಅವನಿಗಿಂತ ಹೆಚ್ಚು ಬಂದಾಗ ಮಾತ್ರ ತಪ್ಪು ಹುಡುಕ್ತಿದ್ರು ಅಂತ ಫೈನ್‌ಮನ್ 1974ರ ಭಾಷಣದಲ್ಲಿ ಹೇಳಿದ.

ಇದು ಸುಳ್ಳಾ? ಬರೆದ ನಂಬರ್ ಕೊಳವೆ ತೋರಿಸಿದ್ದೇ. ಪ್ರತಿ ಹೆಜ್ಜೆಯೂ ಸರಿಯೇ. ಆದರೂ ಎಲ್ಲಿ ಕೇಳೋದನ್ನ ನಿಲ್ಲಿಸಬೇಕು ಅಂತ ತೀರ್ಮಾನಿಸಿದ್ದು ನಮ್ಮ ಆಸೆ. ನನ್ನ ಪ್ರಕಾರ ಇದು ಸುಳ್ಳೇ, ಹಾಲಿಗೆ ನೀರು ಬೆರೆಸೋದಕ್ಕಿಂತ ಒಂದು ಲೆಕ್ಕದಲ್ಲಿ ಕೆಟ್ಟದ್ದು. ನೀರು ಹಾಕಿದವನಿಗೆ ಹಾಕಿದ್ದು ಗೊತ್ತಿರುತ್ತೆ.

ಗೆಳೆಯ ಈಗ ಕೊಳವೆ ತಾನು ಓದಲ್ಲ. ತಿರುಗಿಸೋದು, ಉಷ್ಣಾಂಶ ನೋಡೋದು ಎಲ್ಲ ಮೊದಲೇ ಮುಗಿಸಿ ಹೆಂಡತಿಯನ್ನ ಕರೀತಾನೆ. ಅವಳು ಬಿಯರ್ ಕುಡಿಯಲ್ಲ, ಎಷ್ಟು ಬರಬೇಕು ಅಂತಲೂ ಕೇಳಲ್ಲ. ಹೋದ ಸಲ 1.016 ಅಂದಳಂತೆ. ತೊಳೆದಿಟ್ಟ ಬಾಟಲಿಗಳು ಇನ್ನೂ ಒಂದು ವಾರ ಹಾಗೇ ಬೋರಲು ಮಲಗಿದ್ದವು.