ಎತ್ತುವ ಜೋಲಿ ಯಾರ ಅಳತೆಯದು?



ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಆ ನಾಲ್ವರನ್ನು ನೀವು ಬಲ್ಲಿರಿ. ಪಾರ್ಶ್ವವಾಯು ಪೀಡಿತನೊಬ್ಬನನ್ನು ಹಾಸಿಗೆಸಮೇತ ಹೊತ್ತು ಯೇಸುಸ್ವಾಮಿಯ ಬಳಿಗೆ ತಂದವರು ಅವರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಒಳಗೆ ಹೋಗಲು ದಾರಿ ಕಾಣದೆ ಮನೆಯ ಮಾಡು ಹತ್ತಿ, ಅದನ್ನು ತೆರೆದು, ರೋಗಿಯನ್ನು ಸ್ವಾಮಿಯ ಮುಂದೆ ಇಳಿಸಿದರು. ಅವರ ವಿಶ್ವಾಸವನ್ನು ಸ್ವಾಮಿ ಮೆಚ್ಚಿದರು. ಈ ಭಾಗದ ಮೇಲೆ ನಾನು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇನೆ. ಆದರೂ ಒಂದು ಸರಳ ಸಂಗತಿ ನನಗೆ ಬಹುಕಾಲ ಹೊಳೆದಿರಲಿಲ್ಲ. ಕೈಕಾಲು ಆಡದ ಮನುಷ್ಯನನ್ನು ಮೇಲಿನಿಂದ ಇಳಿಸುವಾಗ ಹಾಸಿಗೆಯ ನಾಲ್ಕು ಮೂಲೆಗಳೂ ಒಂದೇ ಸಮನೆ ಇಳಿಯಬೇಕು. ಒಂದು ಮೂಲೆ ಜಾರಿದರೂ ರೋಗಿ ನೆಲಕ್ಕೆ ಬೀಳುತ್ತಾನೆ, ಏಕೆಂದರೆ ಹಿಡಿದುಕೊಳ್ಳಲು ಅವನ ಕೈಯಲ್ಲಿ ಬಲವಿಲ್ಲ. ಆದ್ದರಿಂದ ಆ ನಾಲ್ವರಲ್ಲಿ ವಿಶ್ವಾಸದ ಜೊತೆಗೆ ಎಚ್ಚರವೂ ಇದ್ದಿರಬೇಕು.

ಪ್ರೀತಿಯಿಂದ ಎತ್ತಿದರೆ ಸಾಕೆ, ಅಥವಾ ಸರಿಯಾಗಿ ಎತ್ತುವುದೂ ಪ್ರೀತಿಯ ಕರ್ತವ್ಯವೆ? ಈ ವಾರ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಎತ್ತಿ ಒಯ್ಯುವುದು ನಮ್ಮ ಮಲೆನಾಡಿಗೆ ಹೊಸದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಒಳಗಿನ ಹಳ್ಳಿಗಳಲ್ಲಿ ಮಳೆಗಾಲ ಬಂತೆಂದರೆ ಹಳ್ಳಗಳು ಉಕ್ಕುತ್ತವೆ, ಕಾಲುಸಂಕಗಳು ಕೊಚ್ಚಿಹೋಗುತ್ತವೆ. 2008ರಿಂದ 108 ವಾಹನ ಬಂದಿದೆ ನಿಜ. ಆದರೆ ಅದು ಬರುವುದು ರಸ್ತೆಯವರೆಗೆ ಮಾತ್ರ. ಅಲ್ಲಿಯ ತನಕ ಜ್ವರದಿಂದ ನರಳುವವರನ್ನೂ ಹೆರಿಗೆ ನೋವಿನ ತಾಯಂದಿರನ್ನೂ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಜೋಲಿಯಲ್ಲಿ ಮಲಗಿಸಿ, ಊರಿನ ಗಂಡಸರು ಹೆಗಲು ಕೊಟ್ಟು ತರುತ್ತಾರೆ. ಆ ಹೆಗಲುಗಳಿಗೆ ಜಾತಿಯಿಲ್ಲ, ಮತವಿಲ್ಲ. ಕೆಸರಿನಲ್ಲಿ ಜಾರುತ್ತ ನಡೆಯುವ ಅವರನ್ನು ಕಂಡಾಗ ನನಗೆ ಶುಭಸಂದೇಶದ ಆ ನಾಲ್ವರ ನೆನಪಾಗುತ್ತದೆ.

ಆದರೆ ಅದೇ ಜೋಲಿ ಎಲ್ಲರಿಗೂ ಸಲ್ಲುವುದಿಲ್ಲ. ಅಡಿಕೆ ಮರದಿಂದ ಬಿದ್ದವನನ್ನು ನೆನೆಯಿರಿ. ಅವನ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಜೋಲಿಯಲ್ಲಿ ಮಲಗಿಸಿದರೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಮುರಿದ ಮೂಳೆ ಸರಿದು ನರಹುರಿಯನ್ನು ಒತ್ತಿದರೆ, ಅಲ್ಲಿಯ ತನಕ ಆಡುತ್ತಿದ್ದ ಕಾಲು ಶಾಶ್ವತವಾಗಿ ನಿಂತುಹೋಗಬಹುದು. ತರಬೇತಾದವರು ಬರುವವರೆಗೆ ಅವನನ್ನು ಅಲುಗಿಸದಿರುವುದೇ ಒಳ್ಳೆಯದು. ಒಯ್ಯಲೇಬೇಕಾದರೆ ಗಟ್ಟಿಯಾದ ಹಲಗೆಯೋ ಕಿತ್ತ ಬಾಗಿಲೋ ಬೇಕು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಇರುವಂತೆ ನಾಲ್ಕಾರು ಜನ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಬೇಕು. ಅಲ್ಲಿ ಕಂಬಳಿ ಹಿಡಿದು ಓಡಿಬಂದವರ ಪ್ರೀತಿ ಕಡಿಮೆಯದೇನಲ್ಲ. ಆದರೆ ಅಂಥ ಪ್ರೀತಿಯಿಂದಲೇ ಒಬ್ಬ ಮನುಷ್ಯ ಜೀವಮಾನವಿಡೀ ಹಾಸಿಗೆ ಹಿಡಿಯಬಹುದು.

ಈ ಪಾಠವನ್ನು ನಾನೂ ಕಲಿಯಬೇಕಾಯಿತು. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ಅವರನ್ನು ಕೂರಿಸೋಣವೆಂದು ಉತ್ಸಾಹದಿಂದ ಕಂಕುಳಿಗೆ ಕೈಹಾಕಿ ಮೇಲೆತ್ತಿದೆ. ಅವರು ಚೀರಿದರು. ಅವರ ಮಡದಿ ಓಡಿಬಂದು, “ಫಾದರ್, ಆ ತೋಳು ಹಿಡಿಯಬೇಡಿ. ಅದರಲ್ಲಿ ಶಕ್ತಿ ಹೋಗಿದೆ, ನೋವು ಹೋಗಿಲ್ಲ” ಎಂದರು. ಲಕ್ವ ಹೊಡೆದ ಕಡೆಯ ಭುಜದ ಕೀಲು ಸಡಿಲವಾಗಿರುತ್ತದೆ, ಕಂಕುಳಿನಿಂದ ಎಳೆದರೆ ಅದು ಜಾರಬಹುದು ಎಂದು ನನಗೆ ತಿಳಿದದ್ದು ಅನಂತರ. ಕ್ರಿಸ್ತನ ಶರೀರವನ್ನು ಎರಡೂ ಕೈಗಳಿಂದ ಭಕ್ತಿಪೂರ್ವಕ ಎತ್ತುವ ನಾನು ಕ್ರಿಸ್ತನ ಸಹೋದರನ ಶರೀರವನ್ನು ಎತ್ತಲು ಕಲಿತಿರಲಿಲ್ಲ.

ಇನ್ನೊಂದು ಮನೆಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಎದ್ದು ಕೂರಲಾಗದ ವೃದ್ಧ ತಾಯಿ. ಅವರನ್ನು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ ದಿನಕ್ಕೆ ಆರೇಳು ಸಲ ಎತ್ತುತ್ತಿದ್ದವಳು ಸೊಸೆ. ಒಂದು ದಿನ ಪಾಪನಿವೇದನೆಯೆಲ್ಲ ಮುಗಿದ ಮೇಲೆ ಆ ತಾಯಿ ಮಾತಿಗೆ ಮಾತು ಬಂದು ಹೇಳಿದರು: “ಮಧ್ಯಾಹ್ನದ ಮೇಲೆ ನಾನು ನೀರು ಕುಡಿಯುವುದಿಲ್ಲ ಫಾದರ್. ಕುಡಿದರೆ ಎತ್ತಬೇಕಾಗುತ್ತದೆ. ಅವಳ ಸೊಂಟ ಹೋಗಿದೆ.” ಓದುಗರೇ, ನಮ್ಮ ಎಷ್ಟು ಮನೆಗಳಲ್ಲಿ ಹಿರಿಯರು ಹೀಗೆ ಬಾಯಾರಿಕೊಂಡು ಮಲಗಿದ್ದಾರೆ? ತಾನು ಹೊರೆಯಾದೆನೆಂಬ ಭಾವನೆ ಮನಸ್ಸಿಗೆ ಬಂದಾಗ ಮನುಷ್ಯ ಮೊದಲು ಬಿಡುವುದು ತನ್ನ ಅಗತ್ಯಗಳನ್ನು.

ರೋಗಿಯನ್ನು ಎತ್ತುವ ಯಂತ್ರವನ್ನು ತರಿಸಬಹುದಲ್ಲವೆ ಎಂದು ಮಗನನ್ನು ಕೇಳಿದೆ. ಚಕ್ರಗಳ ಮೇಲೆ ನಿಂತ ಕಬ್ಬಿಣದ ತೋಳು, ಅದಕ್ಕೆ ತಗುಲಿಸುವ ಬಟ್ಟೆಯ ಜೋಲಿ. ಇದನ್ನು ಆಸ್ಪತ್ರೆಯವರು ಪೇಷಂಟ್ ಲಿಫ್ಟ್ ಎನ್ನುತ್ತಾರೆ, ಜೋಲಿಗೆ ಸ್ಲಿಂಗ್ ಎನ್ನುತ್ತಾರೆ. ಮಗ ಮುಖ ಗಂಟಿಕ್ಕಿದ. “ಹೆತ್ತ ತಾಯಿಯನ್ನು ಯಂತ್ರಕ್ಕೆ ತೂಗುಹಾಕುವುದೆ? ಊರವರು ಏನೆಂದಾರು?” ಅವನ ಮಾತಿನಲ್ಲಿ ಗೌರವವಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಗೌರವದ ಬೆಲೆಯನ್ನು ತೆರುತ್ತಿದ್ದವರು ಬಾಯಾರಿದ ತಾಯಿ ಮತ್ತು ಸೊಂಟ ಮುರಿದುಕೊಂಡ ಹೆಂಡತಿ. ದಾದಿಯರ ಬೆನ್ನುನೋವಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಥಾಮಸ್ ವಾಟರ್ಸ್ ಎಂಬ ತಜ್ಞರು 2007ರಲ್ಲಿ ಒಂದು ಮಿತಿಯನ್ನು ಹೇಳಿದರು. ಎಲ್ಲವೂ ಅನುಕೂಲವಾಗಿದ್ದಾಗಲೂ ಒಬ್ಬರು ಕೈಯಿಂದ ಎತ್ತಬಹುದಾದ ರೋಗಿಯ ಭಾರ 35 ಪೌಂಡು, ಅಂದರೆ ಸುಮಾರು 16 ಕಿಲೋ. ನಮ್ಮ ಮನೆಗಳ ಹೆಣ್ಣುಮಕ್ಕಳು ಎತ್ತುತ್ತಿರುವುದು ಅದರ ಮೂರು ನಾಲ್ಕು ಪಟ್ಟು. ಇದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ.

ಸಾಧನ ಬಳಸಿದರೆ ಪ್ರೀತಿ ಕಡಿಮೆಯಾಗುತ್ತದೆಯೆ? ಶಿಲುಬೆಯಿಂದ ಸ್ವಾಮಿಯ ದೇಹವನ್ನು ಇಳಿಸಿದ ಸಂಜೆಯನ್ನು ನೆನೆಯಿರಿ. ಅರಿಮತಾಯದ ಜೋಸೆಫನು ನಾರುಬಟ್ಟೆಯನ್ನು ಕೊಂಡುತಂದನೆಂದು ಮಾರ್ಕನು ಬರೆಯುತ್ತಾನೆ. ಬೆಲ್ಜಿಯಂ ದೇಶದ ಆ್ಯಂಟ್ವರ್ಪ್ ನಗರದ ಪ್ರಧಾನ ದೇವಾಲಯದಲ್ಲಿ ರೂಬೆನ್ಸ್ ಎಂಬ ಕಲಾವಿದ 1612ರಿಂದ 1614ರ ನಡುವೆ ರಚಿಸಿದ ಚಿತ್ರವಿದೆ. ಅದರಲ್ಲಿ ಸ್ವಾಮಿಯ ದೇಹ ಒಂದು ದೊಡ್ಡ ಬಿಳಿಯ ಬಟ್ಟೆಯ ಮೇಲೆ ಮೆಲ್ಲಗೆ ಇಳಿಯುತ್ತಿದೆ. ಮೇಲಿರುವ ಒಬ್ಬನು ಬಟ್ಟೆ ಜಾರದಂತೆ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಾನೆ. ಅಲ್ಲಿ ಬಟ್ಟೆಯೂ ಇದೆ, ಏಣಿಯೂ ಇದೆ. ಅದರಿಂದ ಪ್ರೀತಿಗೆ ಕುಂದು ಬಂದಿಲ್ಲ.

ಕೊನೆಗೆ ಆ ಮನೆಗೆ ಯಂತ್ರ ಬಂತು. ಆದರೆ ಜೋಲಿ ಬೇರೆ ರೋಗಿಯೊಬ್ಬರಿಗೆಂದು ತಂದದ್ದು, ಬಹಳ ದೊಡ್ಡದು. ಎತ್ತಿದ ಕೂಡಲೇ ಆ ಕೃಶ ದೇಹ ನಡುವಿನಲ್ಲಿ ಕುಸಿದು ಜಾರತೊಡಗಿತು. ಪುಣ್ಯಕ್ಕೆ ಮಂಚದ ಮೇಲೆಯೇ ಇದ್ದರು, ಪೆಟ್ಟಾಗಲಿಲ್ಲ. ಆದರೆ ಹೆದರಿಕೆಯಿಂದ, “ನನ್ನನ್ನು ಹೀಗೇ ಬಿಟ್ಟುಬಿಡಿ” ಎಂದರು. “ನಾನು ಮೊದಲೇ ಹೇಳಿರಲಿಲ್ಲವೆ ಫಾದರ್?” ಎಂದ ಮಗ. ತಪ್ಪು ಯಂತ್ರದ್ದಲ್ಲ, ತಾಯಿಯದಂತೂ ಅಲ್ಲ. ಜೋಲಿಯ ಅಳತೆಯನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಪರಂಪರೆಯ ಒಂದು ಸೂತ್ರವನ್ನು ಕಲಿತಿದ್ದೆ. ಏನನ್ನೇ ಕೊಟ್ಟರೂ ಪಡೆಯುವವನು ಅದನ್ನು ತನ್ನ ಸ್ಥಿತಿಗೆ ತಕ್ಕಂತೆ ಮಾತ್ರ ಪಡೆಯಬಲ್ಲ ಎಂಬುದು ಅದರ ಸಾರ. ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ಈ ಮಾತು ಆ ಮಂಚದ ಬಳಿ ನಿಂತಾಗ ಅರ್ಥವಾಯಿತು. ಕೊಡುವವನ ಕೈಯಲ್ಲಿ ಏನಿದೆ ಎಂಬುದರಿಂದ ಜೋಲಿಯನ್ನು ಆರಿಸಲಾಗದು. ಎತ್ತಿಸಿಕೊಳ್ಳುವವರ ದೇಹವೇ ಅದಕ್ಕೆ ಅಳತೆ.

ಮುಂದೆ ತಿಳಿದವರೊಬ್ಬರು ಬಂದು ಅಳೆದರು. ಅವರಿಂದ ನಾನು ಕಲಿತದ್ದು ಇಷ್ಟು. ತಲೆಯನ್ನೇ ನಿಲ್ಲಿಸಲಾಗದವರಿಗೆ ತಲೆಯಿಂದ ತೊಡೆಯವರೆಗೆ ಆಧಾರ ಕೊಡುವ ಪೂರ್ಣ ಜೋಲಿ ಬೇಕು. ತಲೆ ನಿಲ್ಲುವವರಿಗೆ, ಎರಡು ಪಟ್ಟಿಗಳನ್ನು ತೊಡೆಯಡಿಯಿಂದ ತಂದು ನಡುವೆ ಅಡ್ಡಹಾಯಿಸಿ ಸಿಕ್ಕಿಸುವ ಜೋಲಿ ಸಾಮಾನ್ಯವಾಗಿ ಸಾಕು. ಬಚ್ಚಲಿಗೆಂದು ಹಿಂಭಾಗ ತೆರೆದ ಜೋಲಿಯೂ ಇದೆ. ಉಡುಪು ಸರಿಸಲು ಅದು ಸುಲಭ, ಆದ್ದರಿಂದ ಮನೆಯವರು ಮೊದಲು ಕೇಳುವುದು ಅದನ್ನೇ. ಆದರೆ ಸೊಂಟದ ಮೇಲಿನ ದೇಹದಲ್ಲಿ ಹಿಡಿತವಿಲ್ಲದವರು ಅದರಿಂದ ಜಾರಿ ಬೀಳಬಹುದು. ಜೋಲಿ ದೊಡ್ಡದಾದರೆ ದೇಹ ಜಾರುತ್ತದೆ, ಚಿಕ್ಕದಾದರೆ ತೊಡೆಸಂದಿಯನ್ನೂ ಕಂಕುಳನ್ನೂ ಕೊರೆಯುತ್ತದೆ. ಎಷ್ಟು ಭಾರ ತಡೆಯುತ್ತದೆಂದು ಅದರ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿ ಅಳಿಸಿದ್ದರೆ, ಹೊಲಿಗೆ ಬಿಚ್ಚಿದ್ದರೆ, ಬಟ್ಟೆ ಜೂಲಾಗಿದ್ದರೆ ಅದನ್ನು ಬಳಸಬಾರದು. ಕೊನೆಗೌಡನೂ ಮರ ಹತ್ತುವ ಮುನ್ನ ಹಗ್ಗವನ್ನು ನೋಡಿಕೊಳ್ಳುತ್ತಾನಲ್ಲವೆ? ಗಾಲಿಕುರ್ಚಿಗೆ ಇಳಿಸುವುದಾದರೆ ಅದರ ಬ್ರೇಕು ಹಾಕಿರಬೇಕು. ಎಲ್ಲ ಕುಣಿಕೆಗಳನ್ನು ಸಿಕ್ಕಿಸಿದ ಮೇಲೆ ಎರಡು ಬೆರಳಿನಷ್ಟು ಮಾತ್ರ ಎತ್ತಿ ನಿಲ್ಲಿಸಬೇಕು. ಎರಡು ಹೆಗಲ ಕಡೆ, ಎರಡು ಕಾಲ ಕಡೆ, ನಾಲ್ಕೂ ಸಮವಾಗಿ ಬಿಗಿದಿವೆಯೇ ಎಂದು ನೋಡಿ ಆಮೇಲೆ ಮುಂದುವರಿಯಬೇಕು. ಕಫೆರ್ನವುಮಿನ ಮಾಡಿನ ಮೇಲಿದ್ದವರೂ ಹೀಗೆಯೇ ನಾಲ್ಕು ಮೂಲೆಗಳನ್ನು ನೋಡಿರಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕಡಿಮೆ ಆಧಾರ ಕೊಡುವುದು ಹೇಗೆ ತಪ್ಪೋ, ಅಗತ್ಯಕ್ಕಿಂತ ಹೆಚ್ಚು ಕೊಡುವುದೂ ಹಾಗೆಯೇ ತಪ್ಪು. ಒಂದು ಕಾಲ ಮೇಲಾದರೂ ಭಾರ ಹಾಕಬಲ್ಲವರಿಗೆ, ಹೇಳಿದ್ದನ್ನು ತಿಳಿದು ಒಂದು ಕೈಯಿಂದಲಾದರೂ ಹಿಡಿದುಕೊಳ್ಳಬಲ್ಲವರಿಗೆ, ಎದ್ದು ನಿಲ್ಲಲು ನೆರವಾಗುವ ಬೇರೆಯೇ ಜೋಲಿ ಮತ್ತು ಯಂತ್ರವಿದೆ. ಅಂಥವರನ್ನು ಪೂರ್ಣ ಜೋಲಿಯಲ್ಲಿ ಎತ್ತುವುದು ನಮಗೆ ಸುಲಭ. ಆದರೆ ಹಾಗೆ ಮಾಡುತ್ತ ಬಂದರೆ ಉಳಿದ ಶಕ್ತಿಯೂ ಸೋರಿಹೋಗುತ್ತದೆ. 1931ರಲ್ಲಿ ಪೋಪ್ 11ನೇ ಪಿಯುಸ್‌ರವರು ತಮ್ಮ ವಿಶ್ವಪತ್ರದಲ್ಲಿ ಸಮಾಜಕ್ಕೆ ಒಂದು ನಿಯಮವನ್ನು ಕಲಿಸಿದರು. ಚಿಕ್ಕವರು ತಾವೇ ಮಾಡಬಲ್ಲದ್ದನ್ನು ದೊಡ್ಡವರು ಕಸಿದುಕೊಳ್ಳಬಾರದು, ಆಗದ್ದಕ್ಕೆ ಮಾತ್ರ ನೆರವಾಗಬೇಕು ಎಂಬುದು ಅದರ ಅರ್ಥ. ರಾಜ್ಯಕ್ಕೂ ಕುಟುಂಬಕ್ಕೂ ಹೇಳಿದ ಈ ನಿಯಮ ರೋಗಿಯ ಮಂಚಕ್ಕೂ ಸಲ್ಲುತ್ತದೆ ಎಂದು ನಾನು ನಂಬುತ್ತೇನೆ. ಅಜ್ಜ ತಾನೇ ಕಾಲೂರಬಲ್ಲನಾದರೆ, ನಮಗೆ ಎರಡು ನಿಮಿಷ ಹೆಚ್ಚು ಹಿಡಿದರೂ ಕಾಲೂರಲು ಬಿಡಬೇಕು.

ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಅದು ನನಗೆ ಗೊತ್ತು. ಕೊಳ್ಳಲಾಗದ ಮನೆಯವರೂ ಆಸ್ಪತ್ರೆಯ ದಾದಿಯರಿಂದ ಕೆಲವನ್ನು ಕಲಿಯಬಹುದು: ಮೈಯಡಿ ಗಟ್ಟಿ ಬಟ್ಟೆ ಹಾಸಿ ಇಬ್ಬರು ಎರಡೂ ಕಡೆ ನಿಂತು ಸರಿಸುವುದು, ಮಂಚದಿಂದ ಕುರ್ಚಿಗೆ ನುಣುಪಾದ ಹಲಗೆಯ ಮೇಲೆ ಜಾರಿಸುವುದು. ಧರ್ಮಕೇಂದ್ರಗಳೂ ಒಂದು ಯಂತ್ರವನ್ನು ಕೊಂಡಿಟ್ಟು ಅಗತ್ಯವಿರುವ ಮನೆಗೆ, ಯಾವ ಮತದವರೇ ಆಗಲಿ, ಎರವಲು ಕೊಡಬಹುದು. ಆದರೆ ಯಂತ್ರ ಒಂದಿದ್ದರೂ ಜೋಲಿಗಳು ಹಲವು ಅಳತೆಯವು ಬೇಕು, ಆ ಯಂತ್ರಕ್ಕೆ ಹೊಂದುವಂಥವೇ ಬೇಕು. ಒಬ್ಬರು ಬಳಸಿದ್ದನ್ನು ತೊಳೆಯದೆ ಇನ್ನೊಬ್ಬರಿಗೆ ಕೊಡಬಾರದು. ನಮ್ಮ ದಾನಗಳಲ್ಲಿ ಎಷ್ಟೋ ಬಾರಿ ನಮ್ಮಲ್ಲಿ ಉಳಿದದ್ದನ್ನು ಕೊಡುತ್ತೇವೆ, ಪಡೆಯುವವನಿಗೆ ಅದು ಒಪ್ಪುತ್ತದೆಯೆ ಎಂದು ನೋಡುವುದಿಲ್ಲ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಹಣ ಬೇಕಿಲ್ಲ. ಎತ್ತುವ ಮುನ್ನ ರೋಗಿಗೆ ಹೇಳಿ. “ಅಮ್ಮಾ, ಈಗ ಎತ್ತುತ್ತೇವೆ, ಸರಿಯೇ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಅಕ್ಕಿಮೂಟೆಯನ್ನು ಯಾರೂ ಕೇಳಿ ಎತ್ತುವುದಿಲ್ಲ. ಮನುಷ್ಯನನ್ನು ಕೇಳಬೇಕು.

ಆ ತಾಯಿ ಅಳತೆಗೆ ತಕ್ಕ ಜೋಲಿಗೆ ಒಪ್ಪಲು ಎರಡು ವಾರ ಹಿಡಿಯಿತು. ಮೊದಲ ದಿನ ಮಗನೇ ಅವರ ಕೈ ಹಿಡಿದು ನಿಂತಿದ್ದ, ಸೊಸೆ ಯಂತ್ರದ ಹಿಡಿ ತಿರುಗಿಸಿದಳು. ಮೊನ್ನೆ ಸಂಜೆ ಹೋದಾಗ ಅವರು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಲೋಟ ಖಾಲಿಯಾದ ಮೇಲೆ ಇನ್ನರ್ಧ ಲೋಟ ಕೇಳಿದರು.

ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನಿ ಸ್ವಾಮಿ ಪೇತ್ರನಿಗೆ ಅವನ ಮುಪ್ಪಿನ ಬಗ್ಗೆ ಹೇಳುತ್ತಾರೆ. ಅಂದು ಅವನು ಕೈ ಚಾಚುವನು, ಬೇರೊಬ್ಬರು ಅವನ ನಡುಕಟ್ಟಿ ಅವನಿಗೆ ಇಷ್ಟವಿಲ್ಲದ ಕಡೆಗೆ ಒಯ್ಯುವರು. ಅದು ಅವನ ರಕ್ತಸಾಕ್ಷಿ ಮರಣದ ಸೂಚನೆ. ಆದರೂ ಮುಪ್ಪಿಗೆ ಕಾಲಿಡುವ ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಚಿತ್ರವನ್ನು ಕಾಣಬಹುದು. ಈ ಪುಟ ಓದುತ್ತಿರುವ ನಿಮ್ಮನ್ನೂ, ಬರೆಯುತ್ತಿರುವ ನನ್ನನ್ನೂ, ಒಂದು ದಿನ ಯಾರೋ ಎತ್ತಬೇಕಾದೀತು. ಸಂತ ಎರಡನೆಯ ಜಾನ್ ಪಾಲ್‌ರವರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು ನಾವು ಪ್ರತಿವರ್ಷ ಫೆಬ್ರವರಿ 11ರಂದು ಆಚರಿಸುತ್ತೇವೆ, ಪ್ರಾರ್ಥಿಸುತ್ತೇವೆ. ನಡೆಯಲಾಗದ ಸ್ಥಿತಿಯಲ್ಲಿ ಇತರರ ಕೈಗಳಿಗೆ ತಮ್ಮನ್ನು ಒಪ್ಪಿಸಿಕೊಂಡೇ ಅವರೂ 2005ರಲ್ಲಿ ದೇವರ ಮನೆಗೆ ನಡೆದರು.

ಇಂದು ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಾಸಿಗೆ ಹಿಡಿದವರಿದ್ದರೆ, ಅವರ ಬಳಿ ಕುಳಿತು ಎರಡೇ ಪ್ರಶ್ನೆ ಕೇಳಿ: ಎತ್ತುವಾಗ ಎಲ್ಲಿ ನೋಯುತ್ತದೆ? ನೀರು ಬೇಕೆ?